ಮರಗಸಿಯೇ, ಕಡಿತವೇ?

ನಮ್ಮ ನಾಲ್ಕನೇ ಬ್ಲಾಕಿನ ಅಂಚಿನಲ್ಲಿ ಐದು ಸಿಲ್ವರ್ ಓಕ್ ಮರದ ಬೊಡ್ಡೆಗಳಿವೆ. ಅವನ್ನು ದಾಟುವಾಗಲೆಲ್ಲ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುತ್ತದೆ. ಕಡಿಸಿದವನು ನಾನು.

ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್; ಆಳುಗಳ ಹಾಜರಿ, ಕೆಲಸ ನೋಡಿಕೊಳ್ಳುವವನು. ಮ್ಯಾನೇಜರ್ ರಾತ್ರಿ ಹತ್ತು ಗಂಟೆಗೆ ವಾಟ್ಸ್‌ಆ್ಯಪ್‌ನಲ್ಲಿ ಇಂಗ್ಲಿಷಿನ ಒಂದು ಸಾಲು ಹಾಕುತ್ತಾರೆ; ಬೆಳಿಗ್ಗೆ ಹಾಜರಿಯ ಹೊತ್ತಿಗೆ ಅದು ಕೆಲಸವಾಗಿ ಹಂಚಿಕೆಯಾಗಬೇಕು. ಯಾವ ಮರ, ಎಷ್ಟು, ಎಲ್ಲಿಂದ ಎಲ್ಲಿಗೆ ಎಂದು ಬರೆಯುವುದಿಲ್ಲ, ಬಣ್ಣದ ಗುರುತು ಹಾಕಿಸುವುದಿಲ್ಲ. ಕಳೆದ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಮುಗಿದ ಮೇಲೆ ಬಂದ ಸಾಲಿನಲ್ಲಿ, ಮಳೆಗಾಲಕ್ಕೆ ಮುಂಚೆ ಈ ಸಿಲ್ವರ್‌ಗಳನ್ನು ‘ಕಟ್ ಬ್ಯಾಕ್’ ಮಾಡಿಸಿ ಎಂದಿತ್ತು.

ಅದಕ್ಕೆ ಹಿಂದಿನ ತಿಂಗಳು ಅವರೇ ಡೀಸೆಲ್ ‘ಕಟ್ ಡೌನ್’ ಮಾಡಿ ಎಂದಿದ್ದರು, ಓವರ್‌ಟೈಮ್ ‘ಕಟ್ ಬ್ಯಾಕ್’ ಮಾಡಿ ಎಂದಿದ್ದರು. ಎರಡಕ್ಕೂ ಕಡಿಮೆ ಮಾಡಿ ಎಂದೇ ಅರ್ಥ. ಹಾಗಾಗಿ ಎರಡೂ ಒಂದೇ ಎಂದುಕೊಂಡೆ. ಸಿಲ್ವರ್ ಕಡಿಮೆ ಮಾಡಿ, ಅಂದರೆ ಕೆಲವನ್ನು ಉರುಳಿಸಿ! ಖರ್ಚಿನ ಮಾತಿನಲ್ಲಿ ಒಂದೇ ಆಗುವ ಈ ಎರಡು ಪದಗಳು ಮರದ ಮುಂದೆ ಬಂದಾಗ ಬೇರೆಯಾಗುತ್ತವೆ. ‘ಕಟ್ ಡೌನ್’ ಎಂದರೆ ಬುಡಕ್ಕೆ ಗರಗಸ. ‘ಕಟ್ ಬ್ಯಾಕ್’ ಎಂದರೆ ಕೊಂಬೆ ಸವರಿ ಮರವನ್ನು ಉಳಿಸಿಕೊಳ್ಳುವುದು. ನಾವು ವರ್ಷವೂ ಮಾಡಿಸುವ ಮರಗಸಿಯೇ ಅದು.

ಮೆಷಿನ್ ಗರಗಸ ತರಿಸಿದ್ದನ್ನು ಕಂಡು ಮೇಸ್ತ್ರಿ ಕೇಳಿದರು: “ರೈಟರೇ, ಮರಗಸಿಯೇ, ಕಡಿತವೇ? ಮೆಣಸಿನ ಬಳ್ಳಿ ಇದೆಯಲ್ಲ.”

“ಮೆಸೇಜಿನಲ್ಲಿ ಹಾಗೇ ಇದೆ” ಎಂದೆ. ಮೂವತ್ತು ವರ್ಷ ತೋಟದಲ್ಲಿ ದುಡಿದವರ ಪ್ರಶ್ನೆಗೆ ನನ್ನ ಅರ್ಧ ಇಂಗ್ಲಿಷಿನಿಂದ ಉತ್ತರ ಕೊಟ್ಟೆ.

ಬೀಟೆ, ಹೊನ್ನೆಯಾಗಿದ್ದರೆ ಅನುಮತಿಯ ಕಾಗದವಾದರೂ ನನ್ನನ್ನು ತಡೆಯುತ್ತಿತ್ತು. ಸಿಲ್ವರ್ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಮೊದಲ ಮರ ಬಿತ್ತು. ಕಾಂಡವನ್ನು ತಬ್ಬಿ ಇಪ್ಪತ್ತು ಅಡಿ ಏರಿದ್ದ ಬಳ್ಳಿ ಬೇರಿನ ಹತ್ತಿರ ಹರಿದು, ಕಾಫಿ ಗಿಡಗಳ ಮೇಲೆ ಹಸಿರಾಗಿಯೇ ಮಲಗಿತು. ಆಗಲೇ ನಿಲ್ಲಿಸಬಹುದಿತ್ತು. ಐದನೆಯದು ಉರುಳಿದಾಗ ಮೇಸ್ತ್ರಿ ಆರನೇ ಮರಕ್ಕೆ ಬೆನ್ನು ಕೊಟ್ಟು ನಿಂತರು. “ಒಂದು ಫೋನ್ ಮಾಡಿ ಬನ್ನಿ. ಆಮೇಲೆ ಕಡಿಯೋಣ.”

ಸಿಗ್ನಲ್ ಸಿಗುವುದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ತಿರುವಿನಲ್ಲಿ. ಹತ್ತು ನಿಮಿಷದ ಏರು. ಹಿಂದೆ ಗರಗಸದ ಸದ್ದಿರಲಿಲ್ಲ. ಆ ಮೌನದಲ್ಲಿ ನಡೆಯುತ್ತಲೇ ನನಗೆ ಉತ್ತರ ಗೊತ್ತಾಗಿತ್ತು. ಮ್ಯಾನೇಜರ್ ಬೈಯಲಿಲ್ಲ. “ಎಷ್ಟು ಹೋಯಿತು?” ಎಂದಷ್ಟೇ ಕೇಳಿದರು.

ಹೋದದ್ದು ಐದು ಮರ, ಐದು ಫಲದ ಬಳ್ಳಿ. ಕೆಳಗಿನ ಅರೇಬಿಕಾ ಕಾಫಿ ಗಿಡಗಳಿಗೆ ಮಧ್ಯಾಹ್ನದ ಬಿಸಿಲು ನೇರ ಬೀಳತೊಡಗಿತು. ನೆರಳು ಹೋದ ಕಡೆ ಕಾಂಡಕೊರಕ ಹುಳುವಿನ ಕಾಟ ಹೆಚ್ಚು. ಆ ಸಾಲಿನ ಗಿಡಗಳನ್ನು ಈಗ ನಾನೇ ಒಂದೊಂದಾಗಿ ನೋಡಿಕೊಂಡು ಬರುತ್ತೇನೆ.

ಈ ವರ್ಷವೂ ರಾತ್ರಿ ಹತ್ತಕ್ಕೆ ಅದೇ ಬಗೆಯ ಸಾಲು ಬಂತು. “ಮರಗಸಿಯೇ, ಕಡಿತವೇ?” ಎಂದು ಕನ್ನಡದಲ್ಲಿ ಬರೆದು ಕಳುಹಿಸಿದೆ. ಉತ್ತರ ಬಂದದ್ದು ಮರುದಿನ ಹನ್ನೊಂದಕ್ಕೆ. ಅಲ್ಲಿಯವರೆಗೆ ಆಳುಗಳನ್ನು ಕಾಫಿ ಗಿಡಗಳ ಬೇಡದ ಚಿಗುರು ತೆಗೆಯಲು ಕಳುಹಿಸಿದ್ದೆ. ಅರ್ಧ ದಿನದ ಕೆಲಸ ಹಿಂದೆ ಬಿತ್ತು ಎಂದು ಮ್ಯಾನೇಜರ್ ಬೇಸರಿಸಿದರು. ಬೇಸರಿಸಲಿ.