ಮಿಲ್ವಾಕಿಯಲ್ಲಿ ಹದಿಮೂರು ಸೊನ್ನೆ

ಶಿಕಾಗೊದ ಯೂನಿಯನ್ ಸ್ಟೇಷನ್‌ನಿಂದ ಮಿಲ್ವಾಕಿಗೆ ರೈಲಿನಲ್ಲಿ ಒಂದೂವರೆ ಗಂಟೆ. 2023ರ ಏಪ್ರಿಲ್ 26, ಬುಧವಾರ. ಆಫೀಸಿಗೆ ರಜೆ ಹಾಕಿ, ಮಿಲ್ವಾಕಿಯ ಬಾಸ್ಕೆಟ್‌ಬಾಲ್ ತಂಡ ಬಕ್ಸ್‌ನ ಹಸಿರು ಜೆರ್ಸಿ ಮನೆಯಲ್ಲೇ ತೊಟ್ಟು ಹೊರಟಿದ್ದೆ.

ಹಗಲು ಹೇಗೋ ಕಳೆಯಿತು. ಮಿಶಿಗನ್ ಸರೋವರದ ದಡದಲ್ಲಿರುವ ಆರ್ಟ್ ಮ್ಯೂಸಿಯಂ ನೋಡಿದೆ, ರೆಕ್ಕೆ ಬಿಚ್ಚಿದ ಬಿಳಿ ಹಕ್ಕಿಯ ಹಾಗಿದೆ. ಈ ಊರಿಗೆ ಬಂದರೆ ಚೀಸ್ ಕರ್ಡ್ಸ್, ಅಂದರೆ ಹೊಸ ಚೀಸಿನ ಪುಟ್ಟ ಉಂಡೆಗಳು, ತಿನ್ನಲೇಬೇಕು. ಕರಿದದ್ದು ಬೇಡ, ಎಣ್ಣೆ ರುಚಿಯೇ ಜಾಸ್ತಿ. ತಾಜಾ ತಿನ್ನಿ, ಹಲ್ಲಿಗೆ ಸಿಕ್ಕಾಗ ಕೀಚ್ ಅನ್ನುತ್ತೆ.

ಸಂಜೆ ಬಕ್ಸ್ ಆಡುವ ಫೈಸರ್ವ್ ಫೋರಂ ಕ್ರೀಡಾಂಗಣದ ಒಳಗೆ ಕೂತೆ. ನಮ್ಮ ತಂಡ ಆ ಸೀಸನ್‌ನಲ್ಲಿ 58 ಪಂದ್ಯ ಗೆದ್ದಿತ್ತು, ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲೇ ಮೊದಲು. ಎದುರಿಗೆ ಮಯಾಮಿ ಹೀಟ್, ಪ್ಲೇ-ಇನ್ ಅನ್ನೋ ಅರ್ಹತಾ ಪಂದ್ಯ ಆಡಿ ಎಂಟನೆಯವರಾಗಿ ಪ್ಲೇಆಫ್ ಒಳಗೆ ಬಂದವರು. ಮೊದಲ ಪಂದ್ಯದಲ್ಲೇ ನಮ್ಮ ಸ್ಟಾರ್ ಆಟಗಾರ ಯಾನಿಸ್‌ಗೆ ಬೆನ್ನು ನೋವಾಗಿ ಮುಂದಿನ ಎರಡು ಆಡಲಿಲ್ಲ. ನಾಲ್ಕು ಗೆದ್ದವರಿಗೆ ಸರಣಿ, ಅವರು 3-1 ಮುಂದಿದ್ದರು. ಆದರೂ ಗೆಲ್ತೀವಿ ಅಂತ ಗಟ್ಟಿಯಾಗಿ ನಂಬಿದ್ದೆ.

ಪಕ್ಕದ ಸೀಟಿನಲ್ಲಿ ಒಬ್ಬರು ಹಿರಿಯರು. ಮಡಿಲಲ್ಲಿ ಅಂಗೈಯಗಲದ ನೋಟ್‌ಬುಕ್, ಕೈಯಲ್ಲಿ ಮೋಟು ಪೆನ್ಸಿಲ್. ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಸಿಗುವ ಒಂದು ಪಾಯಿಂಟಿನ ಚೆಂಡು, ಬಿದ್ದರೆ ಒಂದು ಗೀಟು, ತಪ್ಪಿದರೆ ಒಂದು ಸೊನ್ನೆ. ಬೇರೆ ಏನೂ ಬರೆಯುತ್ತಿರಲಿಲ್ಲ.

'ಬರೀ ಫ್ರೀ ಥ್ರೋ ಯಾಕೆ ಸರ್?' ಅಂತ ಕೇಳಿದೆ.

'ಅಪ್ಪ ಹೀಗೇ ಬರೀತಿದ್ದರು. 1971ರಲ್ಲಿ ಬಕ್ಸ್ ಚಾಂಪಿಯನ್ ಆದಾಗ ನಾನಿನ್ನೂ ಸ್ಕೂಲ್ ಹುಡುಗ. ಯಾರೂ ಅಡ್ಡ ಬರದೆ ಹಾಕೋ ಚೆಂಡು ಇದೊಂದೇ, ಇದನ್ನ ಬಿಡಬಾರದು ಅನ್ನೋರು.'

ನಾನು ಮೈಸೂರಿನ ನಮ್ಮ ಸಿಮೆಂಟ್ ಕೋರ್ಟ್ ಬಗ್ಗೆ ಹೇಳಿದೆ. ಹತ್ತು ಫ್ರೀ ಥ್ರೋ ಬೀಳಿಸದೆ ನಮ್ಮ ಮೇಷ್ಟ್ರು ಮನೆಗೆ ಬಿಡುತ್ತಿರಲಿಲ್ಲ. ಕತ್ತಲಾದರೂ ಸರಿ, ಸೊಳ್ಳೆ ಕಚ್ಚಿದರೂ ಸರಿ. ಅವರು ಪೆನ್ಸಿಲ್ ನಿಲ್ಲಿಸಿ ಕೇಳಿದರು. 'ಬೋರ್ಡಿಗೆ ಹೊಡೆದರೆ ಲೆಕ್ಕವೋ, ನೇರ ಬೀಳಬೇಕೋ?' ಹೇಗೆ ಬಿದ್ದರೂ ಲೆಕ್ಕ ಅಂದೆ. 'ಒಳ್ಳೆ ಮೇಷ್ಟ್ರು' ಅಂದರು. ನನಗೆ ತುಂಬಾ ಖುಷಿಯಾಯಿತು.

ಮೂರನೇ ಕ್ವಾರ್ಟರ್ ಮುಗಿದಾಗ ನಾವು 16 ಪಾಯಿಂಟ್ ಮುಂದಿದ್ದೆವು. ಜನ ಕುಣಿಯುತ್ತಿದ್ದರು. ಪಕ್ಕದವರು ಮಾತ್ರ ಪುಟ ನೋಡಿ ತಲೆಯಾಡಿಸಿದರು. ಸೊನ್ನೆಗಳು ಸಾಲುಗಟ್ಟುತ್ತಿದ್ದವು.

ಮಯಾಮಿ ಹತ್ತಿರ ಹತ್ತಿರ ಬಂತು. ಕೊನೆಗೆ ಎರಡು ಸೆಕೆಂಡ್ ಚಿಲ್ಲರೆ, ನಾವು ಎರಡೇ ಪಾಯಿಂಟ್ ಮುಂದೆ. ಗೇಬ್ ವಿನ್ಸೆಂಟ್ ಬದಿಯಿಂದ ಚೆಂಡು ಎತ್ತಿ ಹಾಕಿದ. ಜಿಮ್ಮಿ ಬಟ್ಲರ್ ಗಾಳಿಯಲ್ಲೇ ಹಿಡಿದು, ಬೀಳುತ್ತಾ ಬೀಳುತ್ತಾ ಹಾಕಿಬಿಟ್ಟ. 118-118. ಇನ್ನೂ ಅರ್ಧ ಸೆಕೆಂಡ್ ಇತ್ತು. ಟೈಮ್‌ಔಟ್ ತಗೊಂಡರೆ ಚೆಂಡನ್ನು ಕೋರ್ಟಿನ ಮುಂಭಾಗಕ್ಕೆ ತಂದು ಒಂದು ಪ್ರಯತ್ನ ಮಾಡಬಹುದು. 'ಟೈಮ್‌ಔಟ್! ಟೈಮ್‌ಔಟ್!' ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ನಮ್ಮ ಕೋಚ್ ತಗೊಳ್ಳಲಿಲ್ಲ.

ಸಮವಾದ್ದರಿಂದ ಆಡಿಸಿದ ಓವರ್‌ಟೈಮ್‌ನಲ್ಲೂ ಅದೇ ಕಥೆ. ಎರಡು ಪಾಯಿಂಟ್ ಹಿಂದಿದ್ದೆವು, ಕೊನೆಯ ಚೆಂಡು ನಮ್ಮದು. ಮತ್ತೆ ಟೈಮ್‌ಔಟ್ ಇಲ್ಲ. ಗ್ರೇಸನ್ ಆಲನ್ ಕೈಯಲ್ಲಿ ಚೆಂಡು ಇದ್ದಂಗೇ ಬಜರ್ ಹೊಡೆಯಿತು. ಶಾಟ್ ಕೂಡ ಹಾಕಲಿಲ್ಲ. 128-126. ಹಾಕಿ ತಪ್ಪಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಹಾಕಲೇ ಇಲ್ಲವಲ್ಲ, ಅದನ್ನು ನನಗೆ ಇವತ್ತಿಗೂ ನುಂಗೋಕೆ ಆಗಿಲ್ಲ.

ಪಕ್ಕದವರು ಪುಟ ನನ್ನ ಕಡೆ ತಿರುಗಿಸಿದರು. ಯಾನಿಸ್ ಹೆಸರಿನ ಮುಂದೆ ಹತ್ತು ಗೀಟು, ಹದಿಮೂರು ಸೊನ್ನೆ. 38 ಪಾಯಿಂಟ್, 20 ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು ಹಿಡಿಯೋದು) ತೆಗೆದ ಮನುಷ್ಯ! ಸೋತದ್ದು ಎರಡು ಪಾಯಿಂಟಿಗೆ. ನಾವಿಬ್ಬರೂ ಏನೂ ಮಾತಾಡಲಿಲ್ಲ. ಕೊನೆಯ ಸೊನ್ನೆಯ ಪೆನ್ಸಿಲ್ ಒತ್ತಿಗೆ ಕಾಗದ ತೂತಾಗಿತ್ತು.

ಒಂದು ಮಾತು, ರಾತ್ರಿ ಪಂದ್ಯಕ್ಕೆ ಹೋಗುವವರಿಗೆ. ಪಂದ್ಯ ಮುಗಿಯುವ ಹೊತ್ತಿಗೆ ಶಿಕಾಗೊಗೆ ರೈಲು ಇರುವುದಿಲ್ಲ, ಅಲ್ಲೇ ಉಳಿಯಬೇಕು. ರೂಮ್ ಬುಕ್ ಮಾಡಿದರೆ ಸಾಲದು, ತಡವಾಗಿ ಬರ್ತೀನಿ ಅಂತ ಹೋಟೆಲಿಗೆ ಫೋನ್ ಮಾಡಿ, ಅಲ್ಲಿ ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ. ನಾನು ದುಡ್ಡು ಕಟ್ಟಿದ್ದ ರೂಮನ್ನು ಬೇರೆ ಯಾರಿಗೋ ಕೊಟ್ಟುಬಿಟ್ಟಿದ್ದರು. ಸೋತ ರಾತ್ರಿ, ಲಾಬಿಯ ಕುರ್ಚಿಯಲ್ಲಿ ಬೆಳಗು ಮಾಡಿದೆ.

ಅಲ್ಲೇ ಕೂತು ಫೋನಿನಲ್ಲಿ ಯಾನಿಸ್ ಮಾತು ಕೇಳಿದೆ. ಈ ಸೀಸನ್ ಸೋಲು ಅಂತೀರಾ ಅಂತ ಒಬ್ಬ ಪತ್ರಕರ್ತ ಕೇಳಿದ್ದ. ಆಟದಲ್ಲಿ ಸೋಲು ಅನ್ನೋದೇ ಇಲ್ಲ, ಒಳ್ಳೆ ದಿನ ಇರುತ್ತೆ, ಕೆಟ್ಟ ದಿನ ಇರುತ್ತೆ ಅಂದರು. ಜಗತ್ತೆಲ್ಲ ಆ ಮಾತನ್ನು ಮೆಚ್ಚಿತು. 2021ರಲ್ಲಿ ಐವತ್ತು ವರ್ಷದ ಮೇಲೆ ಕಪ್ ತಂದುಕೊಟ್ಟವರು ಅವರು, ಅವರ ಮೇಲಿನ ಪ್ರೀತಿ ಒಂದಿಷ್ಟೂ ಕಡಿಮೆಯಾಗಿಲ್ಲ. ಆದರೆ ಆ ಮಾತು ನಾನು ಒಪ್ಪಲ್ಲ. ಆ ರಾತ್ರಿ ನಾವು ಸೋತೆವು.

ಮೇ 4ರಂದು ತಂಡ ಕೋಚನ್ನು ತೆಗೆಯಿತು. ಮಯಾಮಿ ಫೈನಲ್‌ವರೆಗೂ ಹೋಯಿತು. ಆ ಪಂದ್ಯ ಒಂದನ್ನೂ ನಾನು ನೋಡಲಿಲ್ಲ.