ಪಾದ ತೊಳೆಯುವ ಗುರುವಾರ

ಚಿಕ್ಕಮಗಳೂರು ಸೀಮೆಯ ತೋಟಗಳ ನಡುವಿನ ನಮ್ಮ ಕ್ಯಾಥೋಲಿಕ್ ಚರ್ಚಿನಲ್ಲಿ ಪವಿತ್ರ ಗುರುವಾರದ, ಅಂದರೆ ಯೇಸುಸ್ವಾಮಿ ಶಿಷ್ಯರ ಪಾದ ತೊಳೆದದ್ದನ್ನು ನೆನೆಯುವ ಈಸ್ಟರ್‌ ಹಿಂದಿನ ಗುರುವಾರದ, ಬಲಿಪೂಜೆ ಶುರುವಾಗುವುದು ಸಂಜೆ ಆರೂವರೆಗೆ. ತೋಟದ ಕೂಲಿಯವರ ಸಾಲುಮನೆಗಳಾದ ಲೈನ್‌ಮನೆಯವರು ಕೆಲಸ ಬಿಟ್ಟು, ಮಿಂದು, ಮಕ್ಕಳನ್ನು ಹೊರಡಿಸಿಕೊಂಡು ನಡೆದೇ ಬರಬೇಕಲ್ಲ. ಈ ಸಲ ಅವತ್ತೇ ಮಧ್ಯಾಹ್ನ ಕಾಫಿ ಹೂ ಅರಳಿಸುವ ಹೂಮಳೆ ಸುರಿದಿತ್ತು. ಯಾರ ತೋಟಕ್ಕೆ ಎಷ್ಟು ಸೆಂಟ್ಸ್ (ಇಂಚಿನ ನೂರರಲ್ಲೊಂದು ಪಾಲು) ಮಳೆ ಬಿತ್ತು ಎನ್ನುವುದೇ ಅಂಗಳದ ತುಂಬ ಮಾತು.

ಒಳಗಿನ ಸಿದ್ಧತೆ ದೊಡ್ಡದಲ್ಲ. ಕುಳಿತರೆ ಪಾದ ನೆಲಕ್ಕೆ ತಾಗುವಂಥ ಎರಡು ಬೆಂಚು, ಅಗಲ ಬಾಯಿಯ ಬೇಸಿನ್, ಒಂದು ಹೂಜಿ, ಹನ್ನೆರಡು ಟವೆಲ್. ಒಬ್ಬರಿಗೆ ಕಾಲು ಲೀಟರಿನಂತೆ ಹನ್ನೆರಡು ಜನಕ್ಕೆ ಮೂರು ಲೀಟರ್ ಉಗುರುಬೆಚ್ಚನೆಯ ನೀರು ಸಾಕು. ಪಾದ ತೊಳೆಯುವುದು ಫಾದರ್ ಕೊಡುವ ಪ್ರಬೋಧನೆಯ ನಂತರ. ಅದು ಉದ್ದವಾದರೆ ನೀರು ಆರಿಹೋಗುತ್ತದೆ, ಹಾಗಾಗಿ ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟಿರಬೇಕು. ಕಾವಿ ನೆಲಕ್ಕೆ ನೀರು ಬಿದ್ದರೆ ಜಾರುತ್ತದೆ. ಗೋಣಿ ಹಾಸದೆ ವಯಸ್ಸಾದವರನ್ನು ಎಬ್ಬಿಸಕೂಡದು.

ಕಷ್ಟ ಇರುವುದು ಯಾರ ಪಾದ ತೊಳೆಯಬೇಕು ಎಂಬ ಹೆಸರಿನ ಪಟ್ಟಿಯಲ್ಲಿ. ದೇಣಿಗೆ ಕೊಟ್ಟವರು, ಸಮಿತಿಯವರು, ಹಬ್ಬಕ್ಕೆ ಜೀಪು ಕಳಿಸಿದವರು ಎಂದು ಬರೆಯುತ್ತಾ ಹೋದರೆ ಹನ್ನೆರಡು ತುಂಬಿಹೋಗುತ್ತದೆ. ನಿಯಮ ಹಾಗೆ ಹೇಳಿಲ್ಲ. 1955ರಲ್ಲಿ ಹನ್ನೆರಡನೇ ಪಿಯುಸ್ ಪೋಪರು ಈ ವಿಧಿಯನ್ನು ಸಂಜೆಯ ಪೂಜೆಯೊಳಕ್ಕೆ ತಂದರು. 2016ರ ಜನವರಿಯ ರೋಮಿನ ಆದೇಶ ಹೆಂಗಸರನ್ನೂ ಸೇರಿಸಿತು. ಈಗಿನ ಪೂಜಾಗ್ರಂಥದಲ್ಲಿ ಹನ್ನೆರಡೇ ಜನ ಎಂಬ ಕಟ್ಟುಪಾಡೂ ಇಲ್ಲ. ಗೌರವ ಸಲ್ಲಿಸುವ ಸಮಾರಂಭವಾಗಿ ಇದನ್ನು ಬದಲಾಯಿಸಿದ್ದು ನಾವೇ, ಸನ್ಮಾನಕ್ಕೆ ಶಾಲು ಹೊದಿಸುವ ಹಾಗೆ.

ಯೇಸುವಿನ ಕಾಲದಲ್ಲಿ ಊಟಕ್ಕೆ ಬಂದವರ ಕಾಲು ತೊಳೆಯುವುದು ಆಳಿನ ಕೆಲಸ. ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಊಟದ ನಡುವೆ ಎದ್ದು ಮೇಲುಹೊದಿಕೆ ತೆಗೆದಿಟ್ಟು, ಸೊಂಟಕ್ಕೆ ಅಂಗವಸ್ತ್ರ ಸುತ್ತಿಕೊಂಡು ಆ ಕೆಲಸಕ್ಕೆ ಕೂರುತ್ತಾರೆ. ಶಿಷ್ಯರಲ್ಲೊಬ್ಬರಾದ ಪೇತ್ರರು ಒಪ್ಪುವುದಿಲ್ಲ. ಅದು ವಿನಯದಂತೆ ಕಾಣುತ್ತದೆ, ಆದರೆ ಗುರು ಎಲ್ಲಿ ಕೂರಬೇಕು, ಶಿಷ್ಯ ಎಲ್ಲಿ ಕೂರಬೇಕು ಎಂದು ತನಗೇ ಚೆನ್ನಾಗಿ ಗೊತ್ತು ಎಂಬ ಹಟ ಅದರೊಳಗಿದೆ. ಲೋಕದ ಜಾಣತನ ಇರುವುದೇ ಅಲ್ಲಿ.

ನಮ್ಮ ಬೆಂಚಿನಲ್ಲಿ ಈ ಸಲ ಐದು ಜನ ಲೈನ್‌ಮನೆಯವರಿದ್ದರು. ನಾಲ್ಕನೆಯವರು ವಯಸ್ಸಾದ ಒಬ್ಬ ತಾಯಿ. ಹಿಮ್ಮಡಿಯ ಬಿರುಕುಗಳಲ್ಲಿ ಮಣ್ಣು ಕಪ್ಪು ಗೆರೆಯಾಗಿ ನಿಂತಿತ್ತು, ಎಷ್ಟು ಉಜ್ಜಿದರೂ ಹೋಗದ ಗೆರೆ. ಫಾದರ್ ಮುಂದೆ ಮಂಡಿಯೂರಿದಾಗ ಆಕೆ "ಬೇಡ ಸ್ವಾಮಿ" ಎಂದು ಪಾದ ಹಿಂದಕ್ಕೆಳೆದುಕೊಂಡರು. ಪೇತ್ರರ "ಬೇಡ"ವನ್ನೂ ಇದನ್ನೂ ಒಂದೇ ಎನ್ನಬಾರದು. ಇಷ್ಟು ವರ್ಷ ಎದುರಿನವರು ಕಲಿಸಿದ ಸಂಕೋಚ ಇದು. ಫಾದರ್ ಅವಸರ ಮಾಡಲಿಲ್ಲ, ಹೂಜಿ ಹಿಡಿದು ಹಾಗೇ ಕಾದರು. "ಬಿಡಿ ಅಮ್ಮ, ಚಾಚಿ" ಎಂದು ಪಕ್ಕದಲ್ಲಿದ್ದ ಮೇಸ್ತ್ರಿಯೇ ಹೇಳಬೇಕಾಯಿತು.

ಅವತ್ತಿನ ಎರಡನೆಯ ವಾಚನ ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದ್ದು, 23ನೇ ವಚನದಿಂದ. ಅದರ ಹಿಂದಿನ ಆರು ವಚನಗಳನ್ನು ಓದುವುದಿಲ್ಲ. ಬೈಗುಳ ಇರುವುದು ಅಲ್ಲಿ. ಪ್ರಭುವಿನ ಭೋಜನವೆಂದು ಕೂಡಿದ ಕಡೆ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ ಎಂದು ಪೌಲರು ರೇಗುತ್ತಾರೆ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಹೊಸದಾಗಿ ಕಟ್ಟಿಸಿ, ಬಿಡುಗಡೆಯಾದ ಗುಲಾಮರನ್ನೂ ನೆಲೆಗೊಳಿಸಿದ ಗ್ರೀಸಿನ ವ್ಯಾಪಾರದ ಊರು ಕೊರಿಂಥ. ಸಿರಿವಂತರ ಮನೆಯ ಊಟದ ಕೋಣೆಯಲ್ಲಿ ಒರಗಿ ಉಣ್ಣಲು ಸಾಮಾನ್ಯವಾಗಿ ಒಂಬತ್ತು ಜನಕ್ಕೆ ಜಾಗ. ಉಳಿದವರು ಎಲ್ಲಿ ನಿಂತಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಅಲ್ಲಿ ಒಂದೂವರೆ ವರ್ಷ ಇದ್ದ ಪೌಲರಿಗೆ ಆ ಜನರ ಗುಣ ಗೊತ್ತಿತ್ತು. ಅದಕ್ಕೇ ಪತ್ರದ ಮೊದಲ ಅಧ್ಯಾಯದಲ್ಲೇ, ನಿಮ್ಮಲ್ಲಿ ಲೋಕದ ಲೆಕ್ಕದ ಜ್ಞಾನಿಗಳೂ ಕುಲೀನರೂ ಬಹಳ ಜನ ಇರಲಿಲ್ಲ, ದೇವರು ಆರಿಸಿಕೊಂಡದ್ದು ಲೋಕ ಕೀಳೆಂದು ತಳ್ಳಿದ್ದನ್ನೇ, ಎಂದು ನೆನಪಿಸುತ್ತಾರೆ. ಆಳುಗಳಿಗೆ ಕೊಡುತ್ತಿದ್ದ ಶಿಲುಬೆಯ ಸಾವೇ ದೇವರ ಜ್ಞಾನ ಎಂಬ ಮಾತು ಆ ಊರಿಗೆ ಹುಚ್ಚಾಗಿ ಕೇಳಿಸಿದ್ದು ಸಹಜ.

ಆ ಬೈಗುಳಕ್ಕೆ ಅದೇ ಅಧ್ಯಾಯದ ಕೊನೆಯಲ್ಲಿ ಪೌಲರು ಕೊಡುವ ಪರಿಹಾರ ಸರಳ: ಊಟಕ್ಕೆ ಕೂಡಿದಾಗ ಒಬ್ಬರಿಗೊಬ್ಬರು ಕಾಯಿರಿ. ನಮ್ಮ ಹಬ್ಬದ ಊಟದಲ್ಲಿ ಅತಿಥಿಗಳ ಪಂಕ್ತಿ ಮೊದಲು, ಲೈನ್‌ಮನೆಯವರದ್ದು ಕೊನೆಗೆ. ಅಷ್ಟು ಹೊತ್ತಿಗೆ ಮಾಂಸದ ಪಾತ್ರೆಯ ತಳ ಕಾಣುತ್ತಿರುತ್ತದೆ. ಬರುವ ಹಬ್ಬಕ್ಕೆ ಬಂದವರು ಬಂದ ಹಾಗೇ ಕೂರಲಿ, ಬಡಿಸುವುದಕ್ಕೆ ಸಮಿತಿಯವರೇ ನಿಲ್ಲಲಿ ಎಂದು ಬರೆದು ಕೊಟ್ಟಿದ್ದೇವೆ.