‘ಡಿಫಾಲ್ಟ್’ ಅನ್ನೋ ಒಂದು ಪದಕ್ಕೆ ಎರಡು ಸಲ ಸ್ಯಾನ್ ಹೋಸೆ

“ಇದರಲ್ಲಿ ಡಿವೋರ್ಸ್ ಅಂತ ಎಲ್ಲೂ ಬರೆದೇ ಇಲ್ವಲ್ಲ ಮೇಡಂ?”

ಮೈಸೂರಿನ ನೋಂದಣಿ ಕಚೇರಿಯೊಂದರಲ್ಲಿ ಗುಮಾಸ್ತರು ನನ್ನ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದ ಪ್ರಶ್ನೆ ಇದು. ಡಿಸೆಂಬರ್ ರಜೆಗೆ ಊರಿಗೆ ಹೋಗಿದ್ದೆ. ನನಗಿದು ಎರಡನೇ ಮದುವೆ. ಮೊದಲನೆಯದರ ವಿಚ್ಛೇದನ ಆಗಿದ್ದು ಕ್ಯಾಲಿಫೋರ್ನಿಯಾದಲ್ಲಿ, ಆ ತೀರ್ಪಿನ ಕಾಗದ ಇದು. ಸ್ಪೆಷಲ್ ಮ್ಯಾರೇಜ್ ಆಕ್ಟ್ ಪ್ರಕಾರ ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಏನೇನು ಕಾಗದ ಬೇಕು ಅಂತ ಮೊದಲೇ ಕೇಳಿಕೊಂಡು ಬರೋಣ ಅಂತ ಇಬ್ಬರೂ ಹೋಗಿದ್ದೆವು.

ಅವರು ಕೇಳಿದ್ದು ತಪ್ಪೇನಲ್ಲ. ಕ್ಯಾಲಿಫೋರ್ನಿಯಾದಲ್ಲಿ 1970ರಿಂದ ಕಾನೂನಿನ ಮಾತಿನಲ್ಲಿ ಇದು ‘ಡಿಸಲ್ಯೂಷನ್ ಆಫ್ ಮ್ಯಾರೇಜ್’. ನನ್ನ ಕಾಗದದ ತಲೆಯ ಮೇಲೂ ಅದೇ ಇದೆ. ‘ಡಿಕ್ರಿ’ ಅಂತಲೂ ಇಲ್ಲ, ‘ಜಡ್ಜ್‌ಮೆಂಟ್’ ಅಂತ ಇದೆ. ಮದುವೆ ‘ಕರಗಿತು’ ಅಂತ ಗುಮಾಸ್ತರಿಗೆ ಕನ್ನಡದಲ್ಲಿ ಹೇಗೆ ಹೇಳೋದು? ಸಕ್ಕರೆಯಾ ಅದು, ನೀರಿಗೆ ಹಾಕಿದರೆ ಕರಗೋಕೆ?

ಸಾಲದ್ದಕ್ಕೆ ನಾನು ಕೊಟ್ಟಿದ್ದು 2014ರಲ್ಲಿ ವಕೀಲರು ಇಮೇಲ್ ಮಾಡಿದ್ದರ ಪ್ರಿಂಟ್. “ಒರಿಜಿನಲ್ ತನ್ನಿ, ಅದಕ್ಕೆ ಅಪೋಸ್ಟಿಲ್ ಮಾಡಿಸಿ, ಒಬ್ಬ ವಕೀಲರಿಗೂ ತೋರಿಸಿ” ಅಂದರು. ಅಪೋಸ್ಟಿಲ್ ಅಂದರೆ ಕಾಗದದ ಮೇಲಿನ ಸಹಿ, ಮೊಹರು ಅಸಲಿ ಅಂತ ಇನ್ನೊಂದು ದೇಶದವರಿಗೆ ತಿಳಿಸೋ ಸರ್ಕಾರಿ ದೃಢೀಕರಣ.

ಆ ರಾತ್ರಿ ಸಾಗರಕ್ಕೆ ಫೋನ್ ಮಾಡಿದೆ. ನಮ್ಮಪ್ಪ ಕೋರ್ಟಿನ ನಕಲು ವಿಭಾಗದಲ್ಲಿ ಕೆಲಸ ಮಾಡಿ ರಿಟೈರ್ ಆದವರು. ನನ್ನ ವಿಚ್ಛೇದನದ ಬಗ್ಗೆ ಹತ್ತು ವರ್ಷದಲ್ಲಿ ಹತ್ತು ಮಾತೂ ಆಡಿಲ್ಲ. ಆದರೆ ಕಾಗದದ ವಿಷಯ ಅಂದ ಕೂಡಲೇ ದನಿಯೇ ಬೇರೆ ಆಯಿತು.

“ಒರಿಜಿನಲ್ಲು ಯಾರಿಗೂ ಕೊಡೋಲ್ಲ ಪುಟ್ಟಿ. ಅದು ಫೈಲಿನಲ್ಲೇ ಇರುತ್ತೆ. ನಮಗೆ ಸಿಗೋದು ಸರ್ಟಿಫೈಡ್ ಕಾಪಿ. ಸಿಪಿಸಿ, ಅದೇ ಸಿವಿಲ್ ಪ್ರೊಸೀಜರ್ ಕೋಡ್, ಅದರ 14ನೇ ಸೆಕ್ಷನ್ ನೋಡು, ಪರದೇಶದ ತೀರ್ಪಿಗೂ ಸರ್ಟಿಫೈಡ್ ಕಾಪಿನೇ ಕೇಳಿರೋದು. ಒರಿಜಿನಲ್ ಅಂತ ಹುಡುಕ್ತಾ ಕೂರಬೇಡ.”

ಫ್ರೀಮಾಂಟಿಗೆ ವಾಪಸ್ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಶುದ್ಧ ದಡ್ಡತನ. ‘ಡಿವೋರ್ಸ್ ರೆಕಾರ್ಡ್ಸ್’ ಅಂತ ಹುಡುಕಿದೆ, ಮೇಲೆ ಬಂದ ಒಂದು ವೆಬ್‌ಸೈಟಿಗೆ 29 ಡಾಲರ್ ಕೊಟ್ಟೆ. ಅವರು ಕಳಿಸಿದ್ದು ನನ್ನದೇ ಹಳೇ ವಿಳಾಸಗಳು, ನನ್ನ ಹಳೇ ಫೋನ್ ನಂಬರು. ನನಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಇಂಥ ಸೈಟುಗಳು ಕೋರ್ಟಿನ ಮೊಹರು ಇರೋ ಕಾಗದ ಕೊಡೋದಿಲ್ಲ, ಕೊಡೋಕೂ ಆಗಲ್ಲ.

ಆಮೇಲೆ, ಜನನ ಮರಣ ಪತ್ರ ಕೊಡೋ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಸಿಗಬಹುದು ಅಂದುಕೊಂಡೆ. ಅವರ ಹತ್ತಿರ ಇರೋದು 1962ರಿಂದ 1966, ಆಮೇಲೆ 1975ರಿಂದ 1984ರ ಜೂನ್ ತನಕದ ದಾಖಲೆ ಮಾತ್ರ. ಅದೂ ‘ಇಂಥ ಕೇಸು ಇತ್ತು’ ಅನ್ನೋ ಒಂದು ಸರ್ಟಿಫಿಕೇಟು, ಜಡ್ಜ್‌ಮೆಂಟ್ ಅಲ್ಲ. ಜಡ್ಜ್‌ಮೆಂಟ್ ಬೇಕು ಅಂದರೆ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಸುಪೀರಿಯರ್ ಕೋರ್ಟಿಗೇ ಹೋಗಬೇಕು.

ಸರಿ, ಯಾವ ಕೌಂಟಿ? ಕ್ಯಾಲಿಫೋರ್ನಿಯಾದಲ್ಲಿ 58 ಇವೆ. ನಾನೀಗ ಇರೋ ಫ್ರೀಮಾಂಟ್ ಅಲಮೀಡಾ ಕೌಂಟಿಗೆ ಸೇರಿದ್ದು. ಆಗ ಇದ್ದದ್ದು ಸನ್ನಿವೇಲ್, ಅದು ಸಾಂಟಾ ಕ್ಲಾರಾ. ಕಾರಿನಲ್ಲಿ ಅರ್ಧ ಗಂಟೆ ದೂರ ಅಷ್ಟೇ, ಆದರೆ ಕೋರ್ಟು ಬೇರೆ, ದಾಖಲೆ ಬೇರೆ. ಈಗ ಎಲ್ಲಿದ್ದೀರಿ ಅನ್ನೋದು ಲೆಕ್ಕಕ್ಕಿಲ್ಲ. ಮದುವೆ ಎಲ್ಲಿ ಆಗಿತ್ತು ಅನ್ನೋದೂ ಲೆಕ್ಕಕ್ಕಿಲ್ಲ. ನಮ್ಮದು ಆಗಿದ್ದು ಸಾಗರದ ಛತ್ರದಲ್ಲಿ. ಅರ್ಜಿ ಯಾವ ಕೌಂಟಿಯಲ್ಲಿ ಹಾಕಿದ್ದರೋ ಕಾಗದ ಅಲ್ಲೇ.

ಕೇಸ್ ನಂಬರ್ ಇದ್ದರೆ ಕೆಲಸ ಸಲೀಸು. ನನ್ನ ಪ್ರಿಂಟಿನಲ್ಲಿ ಸರಿಯಾಗಿ ಆ ಮೂಲೆಯೇ ಮಾಸಿತ್ತು. ನಡುವಿನ ‘ಎಫ್‌ಎಲ್’ ಅನ್ನೋ ಎರಡಕ್ಷರ ಮಾತ್ರ ಕಾಣುತ್ತಿತ್ತು, ಫ್ಯಾಮಿಲಿ ಲಾ ಅಂತ. ಹೆಸರಿನಿಂದ ಹುಡುಕೋಣ ಅಂದರೆ ಆನ್‌ಲೈನ್ ಸೂಚಿಯಲ್ಲಿ ನಾನು ಇಲ್ಲವೇ ಇಲ್ಲ! ನನ್ನ ಮೊದಲ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತು, ನಮ್ಮ ಕಡೆ ಎಷ್ಟೋ ಜನರದ್ದು ಹಾಗೇ ಅಲ್ವಾ? ಅಮೆರಿಕದ ವೀಸಾದಲ್ಲಿ ಅಂಥವರ ಹೆಸರನ್ನೇ ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಮೊದಲ ಕೆಲಸದಲ್ಲಿ ನನ್ನನ್ನು ‘ಹಾಯ್ ಫ್ನೂ’ ಅಂತ ಕರೆದವರೂ ಇದ್ದರು. ನನ್ನ ಹೆಸರನ್ನೇ ಸರ್‌ನೇಮ್ ಕಾಲಮ್ಮಿಗೆ ಹಾಕಿ ಹುಡುಕಿದ ಮೇಲೆ ಕೇಸು ಸಿಕ್ಕಿತು. ನಿಮಗೂ ಸಿಗದಿದ್ದರೆ ಹೆಸರು ಹಿಂದೆ ಮುಂದೆ ಮಾಡಿ ನೋಡಿ, ಕೇಸಿನಲ್ಲಿರೋ ಇನ್ನೊಬ್ಬರ ಹೆಸರಿನಿಂದಲೂ ಹುಡುಕಿ. ಕೌಂಟರಿನವರ ಹತ್ತಿರವೂ ಹುಡುಕಿಸಬಹುದು, ಹತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಅದಕ್ಕೆ 15 ಡಾಲರ್.

ಸೂಚಿ ಆನ್‌ಲೈನಿನಲ್ಲಿ ಇದೆ ಅಂತ ಕಾಗದಗಳೂ ಅಲ್ಲಿವೆ ಅಂದುಕೊಳ್ಳಬೇಡಿ. ಫ್ಯಾಮಿಲಿ ಕೇಸಿನ ಫೈಲುಗಳನ್ನು ಹೊರಗಿನವರು ನೋಡಬೇಕಾದರೆ ಕೋರ್ಟಿಗೇ ಹೋಗಬೇಕು. ಹೋದರೆ ಮಾತ್ರ, ಗೋಪ್ಯ ಅಂತ ಕೋರ್ಟು ಸೀಲ್ ಮಾಡಿಟ್ಟದ್ದು ಬಿಟ್ಟು, ಯಾರು ಬೇಕಾದರೂ ಕೇಳಿ ನೋಡಬಹುದು. ಇದು ಗೊತ್ತಾದಾಗ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಾನು ಅಮ್ಮನಿಗೂ ತೋರಿಸದ ಕಾಗದ ಅದು.

ಸ್ಯಾನ್ ಹೋಸೆಯ ನಾರ್ತ್ ಫಸ್ಟ್ ಸ್ಟ್ರೀಟಿನಲ್ಲಿ, ಸೇಂಟ್ ಜೇಮ್ಸ್ ಪಾರ್ಕಿನ ಪಕ್ಕ, ಫ್ಯಾಮಿಲಿ ಜಸ್ಟಿಸ್ ಸೆಂಟರ್ ಇದೆ. 2016ರಲ್ಲಿ ತೆರೆದ ಕಟ್ಟಡ. ನನ್ನ ಕೇಸು ನಡೆದಾಗ ಇದು ಇರಲೇ ಇಲ್ಲ, ಹಾಗಾಗಿ ಒಳಗೆ ಹೋದಾಗ ಹಳೆಯದೇನೂ ನೆನಪಾಗಲಿಲ್ಲ. ಅದೇ ಒಳ್ಳೆಯದಾಯಿತು. ಚಿಕ್ಕ ಫಾರಂ ತುಂಬಿ ಕೊಟ್ಟೆ. ಕಿಟಕಿಯ ಆಚೆಯ ಹೆಂಗಸು ಕೇಳಿದ್ದು ಎರಡೇ: ಸರ್ಟಿಫೈಡ್ ಬೇಕಾ, ಸಾದಾ ಸಾಕಾ? ಜಡ್ಜ್‌ಮೆಂಟ್ ಮಾತ್ರ ಸಾಕಾ? “ಮಾತ್ರ ಸಾಕು” ಅಂದೆ. ಈ ‘ಮಾತ್ರ ಸಾಕು’ ಆಮೇಲೆ ನನ್ನನ್ನು ಇನ್ನೊಂದು ಸಲ ಅಲ್ಲಿಗೆ ಓಡಿಸಿತು. ನಾನು ಹೋದಾಗ ಪುಟಕ್ಕೆ 50 ಸೆಂಟ್, ಜಡ್ಜ್‌ಮೆಂಟ್ ಸರ್ಟಿಫೈ ಮಾಡೋಕೆ 15 ಡಾಲರ್ ಇತ್ತು. ಅಪೋಸ್ಟಿಲ್‌ಗೆ ಬೇಕು ಅಂತ ಮಾತ್ರ ಮರೆಯದೆ ಹೇಳಿದ್ದೆ. ಸರ್ಟಿಫೈ ಮಾಡಿದವರ ಸಹಿಯನ್ನು ರಾಜ್ಯದ ಕಚೇರಿಯವರು ತಮ್ಮಲ್ಲಿರೋ ಸಹಿಯ ಜೊತೆ ತಾಳೆ ನೋಡುತ್ತಾರೆ, ಅದಕ್ಕೆ.

ಅಪೋಸ್ಟಿಲ್ ಕೊಡೋದು ಸ್ಯಾಕ್ರಮೆಂಟೋದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಒಂದಕ್ಕೆ 20 ಡಾಲರ್, ಖುದ್ದು ಹೋದರೆ ಮೇಲೆ 6. ಫ್ರೀಮಾಂಟಿನಿಂದ ಕ್ಯಾಪಿಟಲ್ ಕಾರಿಡಾರ್ ರೈಲು ಹತ್ತಿ ಹೋಗಿ ಬಂದೆ. ಭಾರತ 2005ರಲ್ಲಿ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದ್ದರಿಂದ ಈ ಒಂದು ಹಾಳೆ ಅಂಟಿಸಿದರೆ ಸಾಕು, ರಾಯಭಾರ ಕಚೇರಿಯ ಮೊಹರಿಗೆ ಅಲೆಯಬೇಕಿಲ್ಲ. ರೈಲಿನಲ್ಲೇ ಫೋಟೋ ತೆಗೆದು ಮೈಸೂರಿನ ವಕೀಲರಿಗೆ ವಾಟ್ಸಾಪ್ ಮಾಡಿದೆ. ಕೆಲಸ ಮುಗೀತು ಅಂತ ಖುಷಿಯಲ್ಲಿದ್ದೆ.

ಬೆಳಿಗ್ಗೆ ಎದ್ದು ನೋಡಿದರೆ ಅವರ ಉತ್ತರ: “ಮೇಡಂ, ಇದು ಎಕ್ಸ್ ಪಾರ್ಟೆ ಡಿಕ್ರಿ ಅಲ್ವಾ? ಡಿಫಾಲ್ಟ್ ಅಂತ ಟಿಕ್ ಆಗಿದೆ.” ಎಕ್ಸ್ ಪಾರ್ಟೆ ಅಂದರೆ ಒಂದು ಕಡೆಯವರು ಇಲ್ಲದೆ ಕೊಟ್ಟ ತೀರ್ಪು.

ಜಡ್ಜ್‌ಮೆಂಟಿನ ಫಾರಂ ಎಫ್‌ಎಲ್-180. ಅದರ 2ನೇ ಸಾಲಿನಲ್ಲಿ ಕೇಸು ಹೇಗೆ ನಡೆಯಿತು ಅಂತ ಚೌಕಗಳಿವೆ. ‘ಡಿಫಾಲ್ಟ್ ಆರ್ ಅನ್‌ಕಂಟೆಸ್ಟೆಡ್’, ಅಂದರೆ ‘ಎದುರು ಕಡೆಯವರು ಬರಲಿಲ್ಲ ಅಥವಾ ತಕರಾರು ಇಲ್ಲ’, ಎರಡಕ್ಕೂ ಸೇರಿ ಒಂದೇ ಚೌಕ. ನಮ್ಮದು ತಕರಾರು ಇಲ್ಲದ ಕೇಸು. ಆದರೆ ಮೈಸೂರಿನಲ್ಲಿ ಕೂತು ನೋಡುವವರಿಗೆ ಮೊದಲು ಕಣ್ಣಿಗೆ ಬೀಳೋದು ‘ಡಿಫಾಲ್ಟ್’. ಅರ್ಜಿ ಹಾಕಿದ್ದು ನನ್ನ ಮೊದಲ ಗಂಡ, ನಾನು ರೆಸ್ಪಾಂಡೆಂಟ್, ಅಂದರೆ ಎದುರು ಕಡೆಯವಳು. ಗಂಡ ಅಮೆರಿಕದಲ್ಲಿ ಒಬ್ಬನೇ ಹೋಗಿ ಡಿವೋರ್ಸ್ ತಗೊಂಡ ಅಂತ ಕಾಣುತ್ತೆ.

ಅದರಿಂದ ಏನು ತೊಂದರೆ? 1991ರಲ್ಲಿ ಸುಪ್ರೀಂ ಕೋರ್ಟ್ ನರಸಿಂಹ ರಾವ್ ಮತ್ತು ವೆಂಕಟಲಕ್ಷ್ಮಿ ಕೇಸಿನಲ್ಲಿ ಕೊಟ್ಟ ತೀರ್ಪಿದೆ. ತಿರುಪತಿಯಲ್ಲಿ ಆದ ಮದುವೆ, ಮಿಸೌರಿಯ ಸೇಂಟ್ ಲೂಯಿಸ್ ಕೌಂಟಿ ಕೋರ್ಟಿನಲ್ಲಿ ಗಂಡನಿಗೆ ವಿಚ್ಛೇದನ. ಹೆಂಡತಿ ಆ ಕೋರ್ಟನ್ನು ಒಪ್ಪಿರಲಿಲ್ಲ. ಹಿಂದೂ ಮದುವೆಗೆ ನಮ್ಮ ಕಾನೂನಿನಲ್ಲಿಲ್ಲದ ಕಾರಣ ಕೊಟ್ಟು, ಇನ್ನೊಬ್ಬರ ಒಪ್ಪಿಗೆಯೂ ಇಲ್ಲದೆ ಹೊರದೇಶದಲ್ಲಿ ತಂದ ತೀರ್ಪು ಇಲ್ಲಿ ನಡೆಯೋಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಇಬ್ಬರೂ ಒಪ್ಪಿದ್ದರೆ ಮಾತು ಬೇರೆ. ನನಗೆ ಬೇಕಾಗಿದ್ದು ಆ ಒಪ್ಪಿಗೆಯ ಸಾಕ್ಷಿ.

ಸರಿ, ಮತ್ತೆ ಸ್ಯಾನ್ ಹೋಸೆ. ಈ ಸಲ ಪೂರ್ತಿ ಫೈಲನ್ನೇ ಕೋರ್ಟಿನ ಕಂಪ್ಯೂಟರಿನಲ್ಲಿ ನೋಡಿದೆ. ಎಫ್‌ಎಲ್-130 ಅನ್ನೋ ಹಾಳೆ ಸಿಕ್ಕಿತು. ಕೋರ್ಟಿಗೆ ನಾನೂ ಹಾಜರಿದ್ದೇನೆ, ತಕರಾರಿಲ್ಲ ಅಂತ ಒಪ್ಪಿರೋ ಕಾಗದ. ಕೆಳಗೆ ಇಬ್ಬರ ಸಹಿ. ಅವರದ್ದು ಎಂದಿನಂತೆ ಒಂದೇ ಗೀಟು. ನನ್ನದು ಶಾಲೆಯ ಮಗುವಿನ ಕೈಬರಹದ ಹಾಗೆ, ಒಂದೊಂದು ಅಕ್ಷರವೂ ಬಿಡಿ ಬಿಡಿ. ಆ ದಿನ ಕೈ ನಡುಗಬಾರದು ಅಂತ ನಿಧಾನಕ್ಕೆ ಬರೆದಿದ್ದು ನೆನಪಾಯಿತು.

ಅದರ ಹಿಂದೆಯೇ ಇತ್ಯರ್ಥದ ಒಪ್ಪಂದ. ಕಾರು ಅವರಿಗೆ. ಸೋಫಾ ಅವರಿಗೆ. ‘ವೆಟ್ ಗ್ರೈಂಡರ್, ಒಂದು: ರೆಸ್ಪಾಂಡೆಂಟ್.’ ಹತ್ತು ವರ್ಷ ಆಯಿತು, ಆ ಗ್ರೈಂಡರು ಈಗಲೂ ನಮ್ಮ ಅಡುಗೆಮನೆಯಲ್ಲಿದೆ. ಹಿಂದಿನ ಭಾನುವಾರವಷ್ಟೇ ಇಡ್ಲಿಗೆ ರುಬ್ಬಿದ್ದೆ. ಕೌಂಟಿ ಕೋರ್ಟಿನ ದಾಖಲೆಯಲ್ಲಿ ನನ್ನ ಗ್ರೈಂಡರು! ಪಕ್ಕದ ಕಂಪ್ಯೂಟರಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕುಬಿಟ್ಟೆ.

ಎಫ್‌ಎಲ್-130 ಸರ್ಟಿಫೈ ಮಾಡೋಕೆ 40 ಡಾಲರ್. 15ರ ದರ ವಿಚ್ಛೇದನದ ಜಡ್ಜ್‌ಮೆಂಟಿಗೆ ಮಾತ್ರ. ಕೊಟ್ಟೆ, ಇನ್ನೇನು ಮಾಡೋದು. ಹಾಗೇ ಎಫ್‌ಎಲ್-180ರ 3ನೇ ಸಾಲನ್ನೂ ಈ ಸಲ ಕಣ್ಣಿಟ್ಟು ಓದಿದೆ. ರೆಸ್ಪಾಂಡೆಂಟ್ ಹಾಜರಾದರು ಅನ್ನೋ ಚೌಕಕ್ಕೂ ಟಿಕ್ ಇತ್ತು! ವಕೀಲರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ನೀವು ಊರಿಗೆ ಕಳಿಸುವಾಗ 2ನೇ ಸಾಲಿನ ಪಕ್ಕದಲ್ಲೇ 3ನೇ ಸಾಲನ್ನೂ ತೋರಿಸಿ. ಇಬ್ಬರ ಸಹಿ ಇರೋ ಕಾಗದವನ್ನೂ ಮೊದಲ ಸಲವೇ ಕೇಳಿ ತಗೊಳ್ಳಿ. ಇನ್ನೊಂದು, ಕೋರ್ಟಿನಲ್ಲಿ ದಾಖಲಾದ ತಾರೀಕು ಮತ್ತು ಮದುವೆ ಮುಗಿದ ತಾರೀಕು ಬೇರೆ ಬೇರೆ ಇರಬಹುದು. ನೋಟಿಸ್ ಮುಟ್ಟಿ ಆರು ತಿಂಗಳಾಗದೆ ಕ್ಯಾಲಿಫೋರ್ನಿಯಾದಲ್ಲಿ ಮದುವೆ ಮುಗಿಯೋದಿಲ್ಲ. ಅದಕ್ಕೇ ಮೇಲೆ ಬೇರೆಯೇ ಒಂದು ಜಾಗ ಮಾಡಿ ಆ ತಾರೀಕು ಬರೆದಿರುತ್ತಾರೆ. ಊರಿನ ಫಾರಂಗಳಲ್ಲಿ ಹಾಕಬೇಕಾದ್ದು ಅದನ್ನೇ.

ಎರಡನೇ ಕಾಗದಕ್ಕೂ ಅಪೋಸ್ಟಿಲ್ ಆಯಿತು, ಈ ಸಲ ಅಂಚೆಯಲ್ಲಿ. ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಮೈಸೂರಿಗೆ ಮೊದಲು ಸಾಗರಕ್ಕೆ ಹೋದೆ. ಅಪ್ಪ ಕನ್ನಡಕ ಹಾಕಿಕೊಂಡು, ಜಗಲಿಯ ಬೆಳಕಿಗೆ ಹಿಡಿದು, ಒಂದೊಂದೇ ಹಾಳೆ ನೋಡಿದರು. ಗ್ರೈಂಡರ್ ಇರೋ ಪುಟವನ್ನು ನಾನು ಮೊದಲೇ ತೆಗೆದಿಟ್ಟಿದ್ದೆ. ಉಬ್ಬು ಮೊಹರಿನ ಮೇಲೆ ಹೆಬ್ಬೆರಳು ಆಡಿಸಿದರು. ಕೊನೆಯ ಹಾಳೆ ತಿರುಗಿಸಿ, ಹಿಂಬದಿ ಖಾಲಿ ಇದ್ದದ್ದು ನೋಡಿ ಹುಬ್ಬು ಗಂಟು ಹಾಕಿದರು.

“ಅರ್ಜಿ ಹಾಕಿದ ತಾರೀಕಿಲ್ಲ, ನಕಲು ತಯಾರಾದ ತಾರೀಕಿಲ್ಲ, ಕೊಟ್ಟ ತಾರೀಕಿಲ್ಲ. ತಾಳೆ ನೋಡಿದವರ ಸಹಿನೂ ಇಲ್ಲ. ಇದೆಂಥ ನಕಲು ವಿಭಾಗ ಮಾರಾಯ್ತಿ ನಿಮ್ಮ ಕೌಂಟೀದು?”